ನೆಲದಡಿಯ ಹಳೆಯ ಲೋಹಗಳ ಗುರುತು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ಮದ್ದೂರನ್ನು ಮುಟ್ಟುವುದಕ್ಕೆ ಮೊದಲು ರುದ್ರಾಕ್ಷಿಪುರದ ಬಳಿ ಎಡಕ್ಕೆ ಹೊರಳಿದರೆ, ಶಿಂಷಾ ನದಿಗೆ ಅನತಿದೂರದಲ್ಲಿ ಕೊಕ್ಕರೆ ಬೆಳ್ಳೂರೆಂಬ ಗ್ರಾಮವು ಸಿಕ್ಕುತ್ತದೆ. ಊರ ನಡುವಣ ಹುಣಸೆಯ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡುಕಟ್ಟಿ ಮರಿಮಾಡುವುದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಶ್ರೋತೃಗಳಲ್ಲಿ ಹಲವರು ಆ ದೃಶ್ಯವನ್ನು ಕಂಡೇ ಇರಬಹುದು. ಆದರೆ ಈ ದಿನ ನಾವು ಹೇಳಹೊರಟಿರುವುದು ಮರದ ಮೇಲಣ ಹಕ್ಕಿಗಳ ವಿಷಯವಲ್ಲ. ನೆಲದಡಿಯ ಲೋಹಗಳ ವಿಷಯ.

ಈ ಊರು ಮೊದಲಿನಿಂದಲೂ ಈಗಿನ ಸ್ಥಳದಲ್ಲಿಯೇ ಇದ್ದುದಲ್ಲವೆಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ಹಳೆಯ ಊರು ನದಿಗೆ ಇನ್ನೂ ಸಮೀಪದಲ್ಲಿದ್ದಿತಂತೆ. ೧೯೧೬ರಲ್ಲಿ ಪ್ಲೇಗಿನ ಮಾರಿ ಹೊಕ್ಕಾಗ ಜನರು ಅದನ್ನು ತೊರೆದು ಈಗಿನ ನೆಲೆಗೆ ಬಂದರೆಂದೂ, ಹಕ್ಕಿಗಳೂ ಅವರ ಬೆನ್ನಹಿಂದೆಯೇ ಬಂದುವೆಂದೂ ಪ್ರತೀತಿ. ಹೀಗೆ ಬಿಟ್ಟುಹೋದ ಊರಿನ ನೆಲವನ್ನು ನಮ್ಮ ಸೀಮೆಯಲ್ಲಿ ಹಾಳೂರು ಎನ್ನುತ್ತಾರೆ. ಬರಗಾಲದಿಂದಲೋ, ರೋಗದಿಂದಲೋ, ದಂಡಿನ ಹಾವಳಿಯಿಂದಲೋ ಹಾಳಾದ ಇಂತಹ ಊರುಗಳು ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತ ಮಾತ್ರವಲ್ಲ, ನಾಡಿನ ಎಲ್ಲೆಡೆಯೂ ಇವೆ. ಗೋಡೆ ಕರಗಿ ಮಣ್ಣಾಗುತ್ತದೆ. ಮರವು ಗೆದ್ದಲಿಗೆ ಆಹಾರವಾಗುತ್ತದೆ. ಬಹುಕಾಲ ಉಳಿಯತಕ್ಕವು ಮಡಕೆಯ ಚೂರುಗಳು ಮತ್ತು ಲೋಹದ ತುಂಡುಗಳು. ಮಳೆ ಬಿದ್ದ ಮೇಲೆ ಆರು ಕಟ್ಟಿದವನ ಗುಳಕ್ಕೆ ಹಸುರು ಹಿಡಿದ ಒಂದು ಬಿಲ್ಲೆಯೋ, ಕೆಂಪಗೆ ಉಬ್ಬಿದ ಒಂದು ಕೊಂಡಿಯೋ ಸಿಕ್ಕಿದರೆ, ಅದು ಏನೆಂದು ತಿಳಿಯುವ ಬಗೆ ಹೇಗೆ? ಈ ಪ್ರಶ್ನೆಗೆ ನಮ್ಮಿಂದಾದಷ್ಟು ಉತ್ತರವನ್ನು ಹೇಳುತ್ತೇವೆ.

ಮೊದಲು ಒಂದು ಚಿಕ್ಕ ನಿದರ್ಶನ. ಹಾಳೂರಿನ ಹೊಲಗಳಲ್ಲಿ ಬಾಳೆಯ ಹಣ್ಣಿನ ಸೀಳಿನಂತೆ ಬಾಗಿದ, ಒಂದೆರಡು ತೂತುಗಳುಳ್ಳ, ಬೆರಳುದ್ದದ ಕಬ್ಬಿಣದ ತಗಡು ಸಿಕ್ಕುವುದುಂಟು. ಪೇಟೆಯಲ್ಲಿ ಬೆಳೆದವರು ಅದನ್ನು ಕಂಡು ಯಾವುದೋ ಆಯುಧದ ತುಂಡೆಂದು ಭ್ರಮಿಸುತ್ತಾರೆ. ಅದು ಎತ್ತಿನ ಲಾಳ. ಕುದುರೆಯ ಗೊರಸು ಇಡಿಯಾದುದು. ಆದುದರಿಂದ ಅದರ ಲಾಳವೂ ಒಂದೇ ತುಂಡು. ಎತ್ತಿನ ಗೊರಸು ಸೀಳಿದುದು. ಆದುದರಿಂದ ಒಂದು ಕಾಲಿಗೆ ಎರಡು ಲಾಳಗಳು ಬೇಕು. ನಾವು ಕಂಡುದು ಜೋಡಿಯ ಒಂದು ಭಾಗವನ್ನು ಮಾತ್ರ. ಇನ್ನೊಂದು ಲಾಳ, ಮೊಳೆ, ಗೊರಸು, ಎತ್ತು, ಎತ್ತನ್ನು ಕೆಡವಿ ಲಾಳ ಕಟ್ಟಿದವನ ಕೈ, ಇವೆಲ್ಲವೂ ಕಣ್ಣಿಗೆ ಮರೆಯಾಗಿವೆ. ನೆಲದಿಂದ ಬಂದ ಪ್ರಾಯಶಃ ಪ್ರತಿಯೊಂದು ಲೋಹವಸ್ತುವಿನ ಸ್ಥಿತಿಯೂ ಇದೇ. ಕುಡುಗೋಲಿನ ಹಿಡಿ ಹೋಗಿದೆ. ಗಾಡಿಯ ಕಡಾಣಿಯಿದೆ, ಅಚ್ಚು ಇಲ್ಲ. ಎತ್ತಿನ ಕೊಂಬಿಗೆ ತೊಡಿಸಿದ ಹಿತ್ತಾಳೆಯ ಅಣಸಿದೆ, ಕೊಂಬಿಲ್ಲ. ಕೈಗೆ ಬಂದುದು ವಸ್ತುವಿನ ಅರ್ಧ. ಮಿಕ್ಕ ಅರ್ಧವು ಸುತ್ತಣ ಮಣ್ಣಿನಲ್ಲಿ ಸೇರಿಹೋಗಿದೆ. ಗುರುತು ಹಿಡಿಯುವ ವಿದ್ಯೆಗೆ ಈ ಮಾತು ಮೊದಲ ಪಾಠವೆಂದು ನಾವು ಭಾವಿಸುತ್ತೇವೆ.

ಇನ್ನು ಲೋಹಗಳ ಸ್ವಭಾವವನ್ನು ನೋಡೋಣ. ಕಬ್ಬಿಣವು ನೆಲದಲ್ಲಿ ತುಕ್ಕು ಹಿಡಿದು, ಪದರಪದರವಾಗಿ ಎದ್ದು, ತನ್ನ ಮೊದಲಿನ ಗಾತ್ರಕ್ಕಿಂತ ಉಬ್ಬುತ್ತದೆ. ಒಳಗೆ ಲೋಹವು ಉಳಿದಿದ್ದರೆ ಸೂಜಿಗಲ್ಲು ಅದನ್ನು ಬಲವಾಗಿ ಸೆಳೆಯುತ್ತದೆ. ಪೂರ್ತಿಯಾಗಿ ತುಕ್ಕಾಗಿದ್ದರೆ ಸೆಳೆತವು ತೀರ ಕಡಮೆ. ತಾಮ್ರವೂ ಕಂಚೂ ಹಸುರು ಬಣ್ಣದ ಕಿಲುಬನ್ನು ಹೊದೆಯುತ್ತವೆ. ಆ ಕಿಲುಬು ನಯವಾಗಿಯೂ ಗಟ್ಟಿಯಾಗಿಯೂ ಇದ್ದರೆ ವಸ್ತುವು ಕ್ಷೇಮ. ತಿಳಿಹಸುರಿನ ಪುಡಿಯಾಗಿ ಅಲ್ಲಲ್ಲಿ ಉದುರುತ್ತಿದ್ದರೆ ಉಪ್ಪಿನ ಅಂಶವು ಸೇರಿ ಒಳಗಿನಿಂದ ಕೊರೆಯುತ್ತಿದೆಯೆಂದು ತಿಳಿಯಬೇಕು. ಬೆಳ್ಳಿಯು ಕಪ್ಪಾಗುತ್ತದೆ. ಸೀಸವು ಬೂದುಬಿಳುಪಿನ ಹೊದಿಕೆಯಿಂದ ಕೂಡಿ, ಗಾತ್ರಕ್ಕೆ ಮೀರಿದ ಭಾರದಿಂದಲೇ ತನ್ನನ್ನು ಸೂಚಿಸುತ್ತದೆ. ಚಿನ್ನವೊಂದೇ ಇಟ್ಟಂತೆ ಇರುವುದು. ಕರಿಯದಾಗಿ, ಗಾಜಿನಂತೆ ಕರಗಿ ಹೆಪ್ಪುಗಟ್ಟಿ, ಗುಳ್ಳೆಗುಳ್ಳೆಯಾಗಿರುವ ಗಡ್ಡೆಯನ್ನು ಕೆಲವರು ಆಕಾಶದಿಂದ ಬಿದ್ದ ಉಲ್ಕೆಯೆಂದು ಕಾಪಾಡಿಡುತ್ತಾರೆ. ಅದು ಬಹುಮಟ್ಟಿಗೆ ಕಬ್ಬಿಣ ಕರಗಿಸಿದವರು ಬಿಸುಟ ಕಿಟ್ಟ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ದೊರೆಯು ಇಂತಹ ಕಬ್ಬಿಣದ ಕುಲುಮೆಗಳನ್ನು ಕಂಡು ಅವುಗಳ ಕೆಲಸವನ್ನು ವಿವರವಾಗಿ ಬರೆದಿದ್ದಾನೆ. ಕಿಟ್ಟಕ್ಕೆ ಪೇಟೆಯಲ್ಲಿ ಕವಡೆಯ ಬೆಲೆಯಿಲ್ಲ. ಆದರೂ ಇಲ್ಲಿ ಕಬ್ಬಿಣವನ್ನು ಕರಗಿಸಿದರೆಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿಯಿಲ್ಲ.

ಇಲ್ಲಿ ನಮ್ಮ ಗೃಹಿಣಿಯರಲ್ಲಿ ಒಂದು ಬಿನ್ನಹ. ತಾಮ್ರ ಹಿತ್ತಾಳೆಗಳ ಪಾತ್ರೆಯನ್ನು ಹುಣಸೆಯ ಹಣ್ಣಿನಿಂದ ತಿಕ್ಕಿ ತೊಳೆಯುವುದು ಮನೆಯ ಒಳ್ಳೆಯ ಸಂಪ್ರದಾಯ. ಆದರೆ ನೆಲದಿಂದ ಬಂದ ನಾಣ್ಯಕ್ಕೆ ಈ ಮಜ್ಜನವನ್ನು ಮಾಡಿಸಬಾರದು. ಹಳೆಯ ನಾಣ್ಯದಲ್ಲಿ ಅಕ್ಷರವೂ ಚಿತ್ರವೂ ಎಷ್ಟೋ ವೇಳೆ ಲೋಹದಲ್ಲಿ ಉಳಿದಿರುವುದಿಲ್ಲ. ಲೋಹವನ್ನು ತಿಂದು ಬೆಳೆದ ಆ ಕಿಲುಬಿನಲ್ಲಿಯೇ ಉಳಿದಿರುತ್ತವೆ. ಹುಣಸೆಯ ಹುಳಿಯು ಕಿಲುಬನ್ನು ಕರಗಿಸಿದಾಗ ದೊರೆಯ ಹೆಸರೂ ಅದರೊಡನೆ ಕರಗಿ ಬಚ್ಚಲಿಗೆ ಹೋಗುತ್ತದೆ. ಮಿಕ್ಕುವುದು ಹೊಳೆಯುವ ಒಂದು ತಾಮ್ರದ ಚೂರು.

ನಾಣ್ಯವು ಕೆಡದೆ ಬಂದಿದ್ದರೆ ಗುರುತು ಕಷ್ಟವಲ್ಲ. ಒಂದು ಪಕ್ಕದಲ್ಲಿ ಆನೆಯೂ ಇನ್ನೊಂದು ಪಕ್ಕದಲ್ಲಿ ಬಳ್ಳಿಯ ಸುರುಳಿಯೂ ಇರುವ ಚಿನ್ನದ ಗಜಪತಿ ವರಾಹವನ್ನು ತಲಕಾಡಿನ ಗಂಗರದೆಂದು ಹೇಳುವುದು ವಾಡಿಕೆ. ಸುಮಾರು ಮೂರು ಗುಲಗಂಜಿಯ ತೂಕದ, ಬೇಳೆಯಂತಹ ಪುಟ್ಟ ಚಿನ್ನದ ತುಣುಕಿನ ಮೇಲೆ ನರಸಿಂಹನ ಮೂರ್ತಿಯಿದ್ದರೆ ಅದು ಕಂಠೀರವ ಹಣ. ೧೬೩೮ರಿಂದ ೧೬೫೯ರ ವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರು ಹೊತ್ತದ್ದು. ತಾಮ್ರದ ದುಡ್ಡಿನ ಮೇಲಿನ ಆನೆಯು ಟೀಪು ಸುಲ್ತಾನನ ಕಾಲದ್ದೂ ಆಗಿರಬಹುದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದೂ ಆಗಿರಬಹುದು. ಟೀಪುವು ೧೭೮೭ರ ಸುಮಾರಿನಿಂದ ಹೊಸ ಶಕೆಯನ್ನು ಬಳಸಿ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಇದನ್ನರಿಯದೆ ಓದಿದವರಿಗೆ ವರ್ಷವು ತಲೆಕೆಳಗಾಗುತ್ತದೆ. ಒಡೆಯರ ದುಡ್ಡಿನಲ್ಲಿ ಕನ್ನಡದ ಬರಹವು ಕಾಣುತ್ತದೆ. ‘ಮಯಿಲಿ ಕಾಸು’ ಎಂಬ ಮಾತನ್ನು ಕೆಲವು ನಾಣ್ಯಗಳಲ್ಲಿ ಇಂದಿಗೂ ಓದಬಹುದು. ಮೈಸೂರಿನ ಟಂಕಸಾಲೆಯು ೧೮೪೩ರಲ್ಲಿ ನಿಂತುಹೋಯಿತು.

ಅಕ್ಷರವಿರುವ ವಸ್ತುವಿನ ಪುಣ್ಯವೇ ಪುಣ್ಯ. ಇದೇ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಪ್ರದರ್ಶನ ಶಾಲೆಯಲ್ಲಿರುವ ಹತ್ತನೆಯ ಶತಮಾನದ ಕಲ್ಲನ್ನು ನೋಡಿ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರು ಕೂಡ, ಕಲ್ಲು ಮಾತನಾಡಿದುದರಿಂದ, ಸಾವಿರ ವರ್ಷಕ್ಕೂ ಮೇಲ್ಪಟ್ಟು ಬಾಳಿದೆ. ಹೊಲದಲ್ಲಿ ಸಿಕ್ಕಿದ ಕಬ್ಬಿಣದ ಅಲಗಿಗೆ ಆ ಭಾಗ್ಯವಿಲ್ಲ. ಆದರೂ ಅದರ ಗುರುತಿಗೆ ನಮ್ಮ ವೀರಗಲ್ಲುಗಳೇ ಚಿತ್ರಪಟಗಳಾಗುತ್ತವೆ. ಅದೇ ಶಾಲೆಯಲ್ಲಿರುವ ಬೇಗೂರಿನ ವೀರಗಲ್ಲಿನಲ್ಲಿ ಆನೆ, ಕುದುರೆ, ಕಾಲಾಳುಗಳ ಕಾಳಗವನ್ನು ಶಿಲ್ಪಿಯು ಕೊರೆದಿದ್ದಾನೆ. ಕತ್ತಿಯ ಬಾಗು ಎಂತಹುದು, ಹಿಡಿಯು ಎಷ್ಟು ಉದ್ದ, ಈಟಿಯ ಮೊನೆಯ ಅಗಲವೆಷ್ಟು ಎಂಬುದನ್ನು ಅಲ್ಲಿ ಕಂಡು, ಕೈಯಲ್ಲಿರುವ ತುಕ್ಕಿನ ತುಂಡಿನೊಡನೆ ಹೋಲಿಸಬಹುದು. ಕಲ್ಲಿನಲ್ಲಿ ಮರದ ಹಿಡಿಯೂ ಉಂಟು, ಹಿಡಿದ ಕೈಯೂ ಉಂಟು.

ಈಗ ಯಂತ್ರದ ಮಾತು. ನೆಲವನ್ನು ಅಗೆಯದೆಯೇ ಒಳಗಿನ ಲೋಹವನ್ನು ತಿಳಿಸುವ ಲೋಹಶೋಧಕ ಯಂತ್ರಗಳು ಈಚೆಗೆ ಸುಲಭವಾದ ಬೆಲೆಗೆ ಸಿಕ್ಕುತ್ತಿವೆ. ಅವುಗಳ ಹುಟ್ಟು ಹಳೆಯದು. ೧೮೮೧ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡನ ದೇಹದಲ್ಲಿ ಹೊಕ್ಕ ಗುಂಡನ್ನು ಹುಡುಕುವುದಕ್ಕಾಗಿ ಗ್ರಹಾಂ ಬೆಲ್ಲನು ಇಂತಹ ಒಂದು ಉಪಕರಣವನ್ನು ಹೂಡಿ ವಿಫಲನಾದನು. ಎರಡನೆಯ ಮಹಾಯುದ್ಧದಲ್ಲಿ, ೧೯೪೧ರಲ್ಲಿ, ಕೊಸಾಟ್ಸ್ಕಿ ಎಂಬ ಪೋಲೆಂಡಿನ ಸೈನ್ಯಾಧಿಕಾರಿಯು ಹೂತಿಟ್ಟ ಸಿಡಿಗುಂಡುಗಳನ್ನು ಪತ್ತೆಹಚ್ಚಲು ಕೈಯಲ್ಲಿ ಹಿಡಿಯುವ ಯಂತ್ರವನ್ನು ರೂಪಿಸಿದನು. ತಂತಿಯ ಸುರುಳಿಯಲ್ಲಿ ವಿದ್ಯುತ್ತು ಏರಿಳಿಯುವಾಗ ಸುತ್ತಲೂ ಕಾಂತಶಕ್ತಿಯು ಏರಿಳಿಯುತ್ತದೆ, ಆ ವಲಯದಲ್ಲಿ ಲೋಹವಿದ್ದರೆ ಅದರಲ್ಲಿಯೂ ಸಣ್ಣ ವಿದ್ಯುತ್ಪ್ರವಾಹವು ಹುಟ್ಟಿ ಸುರುಳಿಗೆ ಮರುತ್ತರವನ್ನು ಕೊಡುತ್ತದೆ, ಯಂತ್ರವು ಕೂಗುತ್ತದೆ. ಆದರೆ ಅದು ‘ಇಲ್ಲಿ ಲೋಹವಿದೆ’ ಎನ್ನುವುದೇ ಹೊರತು, ಯಾರದು, ಎಂದಿನದು, ಏಕೆ ಇಲ್ಲಿಗೆ ಬಂತು ಎಂಬುದನ್ನು ಹೇಳಲಾರದು. ಅದನ್ನು ಹೇಳತಕ್ಕುದು ಮಣ್ಣು. ಮಣ್ಣಿನ ಮಾತನ್ನು ಕೇಳುವ ಕಿವಿಯು ಯಂತ್ರಕ್ಕಿಲ್ಲ.

ಮಳವಳ್ಳಿಯನ್ನೇ ತೆಗೆದುಕೊಳ್ಳಿ. ೧೭೯೯ನೆಯ ಮಾರ್ಚಿ ೨೭ರಂದು, ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದ ಜನರಲ್ ಹ್ಯಾರಿಸನ ಸೈನ್ಯವನ್ನು ಟೀಪು ಸುಲ್ತಾನನು ಅಲ್ಲಿ ಎದುರಿಸಿದನು. ಐದೂವರೆ ವಾರಗಳಲ್ಲಿ, ಮೇ ೪ರಂದು, ಪಟ್ಟಣವೇ ಬಿದ್ದಿತು. ಅಂತಹ ರಣಭೂಮಿಯಲ್ಲಿ ಸೀಸದ ಗುಂಡೊಂದು ಸಿಕ್ಕಿತೆನ್ನೋಣ. ಇಂಗ್ಲಿಷರ ಕೋವಿಯ ಗುಂಡುಗಳು ಒಂದು ಪೌಂಡು ಸೀಸಕ್ಕೆ ಸುಮಾರು ೧೪ ಆಗುತ್ತಿದ್ದುವು. ಆದುದರಿಂದ ತೂಗಿ ನೋಡಿದರೆ ಯಾವ ಕೋವಿಯದೆಂದು ಊಹಿಸಬಹುದು. ಗುಂಡು ಚಪ್ಪಟೆಯಾಗಿದ್ದರೆ ಹಾರಿ ಬಡಿದುದು. ದುಂಡಗಿದ್ದರೆ ಸಿಪಾಯಿಯ ಚೀಲದಿಂದ ಜಾರಿದುದಿರಬಹುದು. ಒಂದು ಗುಂಡಿನಿಂದ ತಿಳಿಯುವುದು ಇಷ್ಟೇ. ಆದರೆ ನೂರು ಗುಂಡುಗಳು ಎಲ್ಲೆಲ್ಲಿ ಬಿದ್ದಿದ್ದುವೆಂದು ನಕ್ಷೆಯಲ್ಲಿ ಗುರುತಿಸಿದರೆ, ಸಾಲು ನಿಂತ ದಂಡು, ಓಡಿದ ದಾರಿ, ತಿರುಗಿ ನಿಂತ ತಾವು ಇವೆಲ್ಲ ಮೂಡಿಬರುತ್ತವೆ.

ಇದು ಬರಿಯ ಕಲ್ಪನೆಯಲ್ಲ. ಅಮೆರಿಕದ ಲಿಟ್ಲ್ ಬಿಗ್‌ಹಾರ್ನ್ ಎಂಬಲ್ಲಿ ೧೮೭೬ರ ಜೂನಿನಲ್ಲಿ ಕಸ್ಟರನೆಂಬ ದಳಪತಿಯೂ ಅವನ ನೇರ ಕೈಕೆಳಗೆ ಕಾದಿದವರೂ ಆ ದೇಶದ ಮೂಲನಿವಾಸಿಗಳ ಕೈಯಲ್ಲಿ ಹತರಾದರು. ಆ ತುಕಡಿಯ ಸಿಪಾಯಿಗಳಲ್ಲಿ ಕಥೆ ಹೇಳಲು ಒಬ್ಬನೂ ಉಳಿಯಲಿಲ್ಲ. ಗೆದ್ದವರು ಹೇಳಿದುದನ್ನು ಬಹುಕಾಲ ಯಾರೂ ಗಮನಿಸಲಿಲ್ಲ. ೧೯೮೩ರಲ್ಲಿ ಬೆಂಕಿ ಬಿದ್ದು ಅಲ್ಲಿಯ ಹುಲ್ಲೆಲ್ಲ ಸುಟ್ಟುಹೋಯಿತು. ಮರುವರ್ಷ ವಿದ್ವಾಂಸರು ಇದೇ ಲೋಹಶೋಧಕಗಳನ್ನು ಹಿಡಿದು ಸಾಲುಸಾಲಾಗಿ ನಡೆದರು. ಯಂತ್ರವು ಕೂಗಿದಲ್ಲೆಲ್ಲ ಬಾವುಟ ನೆಟ್ಟು, ಅಳೆದು, ಬರೆದುಕೊಂಡ ಮೇಲೆಯೇ ವಸ್ತುವನ್ನು ಎತ್ತಿದರು. ತೋಟೆಗಳ ಹಿಂಬದಿಯಲ್ಲಿ ಬಿದ್ದ ಕೋವಿಯ ಪೆಟ್ಟಿನ ಗುರುತನ್ನು ಹೋಲಿಸಿ, ಒಂದೊಂದು ಕೋವಿಯೂ ರಣದಲ್ಲಿ ಎಲ್ಲಿಂದ ಎಲ್ಲಿಗೆ ನಡೆಯಿತೆಂಬುದನ್ನು ತೋರಿಸಿದರು. ಗೆದ್ದವರ ಹೇಳಿಕೆಗಳಲ್ಲಿ ಎಷ್ಟೋ ನಿಜವೆಂದು ಆಗ ತಿಳಿಯಿತು. ಅದೇ ತೋಟೆಗಳನ್ನು ಸಂಗ್ರಹದ ಹುಚ್ಚಿನವರು ಜೇಬಿಗೆ ಹಾಕಿಕೊಂಡು ಹೋಗಿದ್ದರೆ ಅವು ಹಿತ್ತಾಳೆಯ ಕೊಳವೆಗಳಾಗಿ ಮಾತ್ರ ಉಳಿಯುತ್ತಿದ್ದುವು.

ನಮ್ಮ ನಾಡಿನಲ್ಲಿಯೇ ಇಂತಹ ಎರಡು ಪ್ರಸಂಗಗಳನ್ನು ಜೊತೆಯಾಗಿಟ್ಟು ನೋಡಬಹುದು. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲ್ವೆಯ ಕೆಲಸಕ್ಕಾಗಿ ನೆಲ ಅಗೆಯುವಾಗ ರೋಮನ್ ಚಕ್ರವರ್ತಿಗಳ ೧೬೩ ಬೆಳ್ಳಿಯ ನಾಣ್ಯಗಳು ಸಿಕ್ಕಿದುವು. ಆಗಸ್ಟಸ್, ಟೈಬೀರಿಯಸ್ ಮೊದಲಾದವರ ಮುಖಗಳಿದ್ದುದರಿಂದ ನಾಣ್ಯಗಳನ್ನು ಗುರುತಿಸುವುದು ಸುಲಭವಾಯಿತು. ಆದರೆ ಅವನ್ನು ಹೂತವನು ಯಾರು, ಪಕ್ಕದಲ್ಲಿ ಮನೆಯಿದ್ದಿತೇ, ಸಂತೆಯಿದ್ದಿತೇ ಎಂಬ ಪ್ರಶ್ನೆಗಳಿಗೆ ನಾಣ್ಯಗಳು ಮೂಕವಾಗಿವೆ. ಚಿತ್ರದುರ್ಗದ ಚಂದ್ರವಳ್ಳಿಯ ಕಥೆ ಬೇರೆ. ಅಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣ ಅವರೂ, ೧೯೪೭ರಲ್ಲಿ ವೀಲರ್ ಅವರೂ ಪದರವನ್ನು ಪದರವಾಗಿ ಬಿಡಿಸಿದರು. ಟೈಬೀರಿಯಸನ ಬೆಳ್ಳಿಯ ನಾಣ್ಯವೂ, ಶಾತವಾಹನರ ಕಾಲದ ಸೀಸದ ನಾಣ್ಯಗಳೂ, ಮಡಕೆಯ ಚೂರುಗಳೂ ತಾವಿದ್ದ ಮಣ್ಣಿನೊಡನೆ ದಾಖಲೆಗೆ ಬಂದುವು. ಆದುದರಿಂದ ಒಂದು ನಾಣ್ಯವು ತನ್ನ ವಯಸ್ಸನ್ನು ಹೇಳಿದುದಲ್ಲದೆ, ಹೆಸರಿಲ್ಲದ ಕುಂಬಾರನ ಮಡಕೆಗೂ ವಯಸ್ಸನ್ನು ಕೊಟ್ಟಿತು. ಯಶವಂತಪುರದಲ್ಲಿ ಸಿಕ್ಕಿದುದು ನೂರಕ್ಕೂ ಮಿಕ್ಕ ಬೆಳ್ಳಿ. ಚಂದ್ರವಳ್ಳಿಯಲ್ಲಿ ಸಿಕ್ಕಿದುದು ಕೆಲವೇ ಬಿಲ್ಲೆಗಳು. ಚರಿತ್ರೆಗೆ ಹೆಚ್ಚು ಲಾಭವಾದುದು ಎರಡನೆಯದರಿಂದ.

ಇನ್ನೊಂದು ಪ್ರಸಂಗವನ್ನು ಹೇಳದೆ ಈ ಮಾತು ಪೂರ್ಣವಾಗದು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರವೆಂಬ ಗ್ರಾಮವು ಕೆಳದಿಯ ಅರಸರ ಬಿದನೂರು. ೧೭೬೩ರಲ್ಲಿ ಹೈದರಾಲಿಯ ವಶವಾಗಿ ಹೈದರನಗರವೆಂಬ ಹೆಸರನ್ನು ಪಡೆದುದು. ೨೦೦೨ರಲ್ಲಿ ಅಲ್ಲಿಯ ಹಳೆಯ ಬಾವಿಯೊಂದರಲ್ಲಿ ತುಕ್ಕು ಹಿಡಿದ ೧೬೦ಕ್ಕೂ ಮಿಕ್ಕ ಕಬ್ಬಿಣದ ಕೊಳವೆಗಳು ಸಿಕ್ಕಿದುವು. ಅವು ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಬಂದು, ತೋಪಿನ ಸಿಡಿಗುಂಡುಗಳೆಂಬ ಹೆಸರಿನಲ್ಲಿ ಕೆಲವು ವರ್ಷ ಬಿದ್ದಿದ್ದುವು. ನಿಜವಾಗಿ ನೋಡಿದರೆ ಅವು ಮೈಸೂರಿನ ಅಗ್ನಿಬಾಣಗಳು, ಇಂದಿನ ಮಾತಿನಲ್ಲಿ ರಾಕೆಟ್ಟುಗಳು. ೧೭೮೦ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ, ತರುವಾಯ ಕಾಂಗ್ರೀವನೆಂಬವನು ೧೮೦೪-೦೫ರ ಸುಮಾರಿನಲ್ಲಿ ಇಂಗ್ಲೆಂಡಿನಲ್ಲಿ ರಾಕೆಟ್ಟುಗಳನ್ನು ಮಾಡಲು ಪ್ರೇರಣೆಯಾದ ಅಸ್ತ್ರದ ಜಾತಿಯವು. ಗುರುತು ತಪ್ಪಿದುದಕ್ಕೆ ಆಶ್ಚರ್ಯಪಡಬೇಕಾಗಿಲ್ಲ. ಅಗ್ನಿಬಾಣಕ್ಕೆ ಕಬ್ಬಿಣದ ಕೊಳವೆಯು ಅರ್ಧ ಮಾತ್ರ. ಅದನ್ನು ಬಿಗಿಯುತ್ತಿದ್ದ ಉದ್ದನೆಯ ಬಿದಿರೇ ಇನ್ನರ್ಧ. ಬಿದಿರಿಲ್ಲದ ಕೊಳವೆಯನ್ನು ಕಂಡವರು ಬಾಣವೆಂದು ಹೇಗೆ ಅರಿಯಬೇಕು? ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಲ್ಲಿ ಬೆಂಕಿಯು ಹೊರಬರಲು ಕಿಂಡಿಯಿದ್ದುದನ್ನೂ, ಒಳಗೆ ತುಂಬಿದ್ದ ಪುಡಿಯು ಮದ್ದೆಂಬುದನ್ನೂ ಕ್ರಮವಾಗಿ ಪರೀಕ್ಷಿಸಿದ ಮೇಲೆ ನಿಜವು ತಿಳಿಯಿತು.

ಈ ಅರಿವು ಬಂದಿದ್ದುದರಿಂದಲೇ ಮುಂದಿನ ಲಾಭ. ೨೦೧೮ರ ಜುಲೈನಲ್ಲಿ ಅದೇ ನಗರದ ಬತ್ತಿದ ಬಾವಿಯೊಂದರ ಮಣ್ಣು ಮದ್ದಿನ ವಾಸನೆ ಬೀರುತ್ತಿರುವುದನ್ನು ಕಂಡ ಪುರಾತತ್ತ್ವ ಇಲಾಖೆಯವರು ಅಗೆಯಿಸಿದರು. ಮೂರು ದಿನಗಳಲ್ಲಿ ಸಾವಿರಕ್ಕೂ ಮಿಕ್ಕ ಅಗ್ನಿಬಾಣಗಳು ಮೇಲಕ್ಕೆ ಬಂದುವು. ಉದ್ದದಲ್ಲಿ ೨೩ರಿಂದ ೨೬ ಸೆಂಟಿಮೀಟರು. ಇಲ್ಲಿ ದಾರಿ ತೋರಿಸಿದುದು ಮಣ್ಣು ಎಂಬುದನ್ನು ಗಮನಿಸಬೇಕು. ಮೊದಲ ಸಲ ಸಿಕ್ಕಿದ ಕೊಳವೆಗಳನ್ನು ಗುಜರಿಯವನಿಗೆ ತೂಕದ ಮೇಲೆ ಮಾರಿದ್ದರೆ, ಅಥವಾ ಒಳಗಣ ಪುಡಿಯನ್ನು ಕೊಳೆಯೆಂದು ತೊಳೆದು ಬಿಸುಟಿದ್ದರೆ, ಎರಡನೆಯ ಬಾವಿಯ ವಾಸನೆಗೆ ಅರ್ಥ ಹೇಳುವವರು ಯಾರಿರುತ್ತಿದ್ದರು?

ಹಾಗಾದರೆ ಹೊಲದಲ್ಲಿ ಒಂದು ಲೋಹದ ವಸ್ತುವನ್ನು ಕಂಡವರು ಮಾಡಬೇಕಾದುದೇನು? ಸಾಧ್ಯವಾದರೆ ಅದನ್ನು ಇದ್ದಲ್ಲಿಯೇ ಬಿಡಬೇಕು. ಗುಳಕ್ಕೆ ಸಿಕ್ಕಿ ಮೇಲೆ ಬಂದಿದ್ದರೆ, ಯಾವ ಹೊಲ, ಯಾವ ಬದುವಿನಿಂದ ಎಷ್ಟು ಮಾರು, ಎಷ್ಟು ಆಳ, ಮಣ್ಣು ಕರಿಯದೋ ಕೆಂಪೋ, ಜೊತೆಯಲ್ಲಿ ಮಡಕೆಯ ಚೂರು, ಇದ್ದಿಲು, ಮೂಳೆ ಇದ್ದುವೋ ಎಂಬುದನ್ನು ಅಂದೇ ಬರೆದಿಡಬೇಕು. ಪಕ್ಕದಲ್ಲಿ ಒಂದು ಅಳತೆಯ ಕಡ್ಡಿಯನ್ನಿಟ್ಟು ಛಾಯಾಚಿತ್ರವನ್ನು ತೆಗೆಯಬೇಕು. ತಿಕ್ಕಬಾರದು, ಬಗ್ಗಿಸಿ ನೋಡಬಾರದು, ಅಂಟಿದ ಮಣ್ಣನ್ನು ಬಿಡಿಸಬಾರದು. ಕೊಳವೆಯಂತೆಯೋ ಗುಂಡಿನಂತೆಯೋ ಇದ್ದು ಒಳಗೆ ಏನಾದರೂ ತುಂಬಿರುವ ಸಂಶಯವಿದ್ದರೆ, ಮುಟ್ಟದೆ ದೂರ ನಿಂತು ಪೋಲೀಸಿನವರಿಗೆ ತಿಳಿಸಬೇಕು. ಮದ್ದಿಗೆ ಮುಪ್ಪು ಬಂದರೂ ಸಿಟ್ಟು ಹೋಗಿರುವುದಿಲ್ಲ. ೧೯೬೨ರ ನಮ್ಮ ರಾಜ್ಯದ ನಿಕ್ಷೇಪ ಶಾಸನದ ಮೇರೆಗೆ ನೆಲದಲ್ಲಿ ಸಿಕ್ಕಿದ ನಿಧಿಯನ್ನು ಜಿಲ್ಲೆಯ ಡೆಪ್ಯುಟಿ ಕಮಿಷನರವರಿಗೆ ತಿಳಿಸುವುದು ಕಂಡವನ ಕರ್ತವ್ಯ. ಸರ್ಕಾರವು ರಕ್ಷಿಸಿರುವ ಪುರಾತನ ಸ್ಥಳಗಳಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದು ಅಪರಾಧ.

ತಿಳಿಸಿದರೆ ವಸ್ತುವು ಕೈಬಿಟ್ಟುಹೋಗುತ್ತದೆಂಬ ಭಯ ಜನರಲ್ಲುಂಟು. ಅದು ಅಕಾರಣವೆಂದು ನಾವು ಹೇಳಲಾರೆವು. ಇಂಗ್ಲೆಂಡಿನಲ್ಲಿ ೧೯೯೭ರಿಂದ ಒಂದು ಏರ್ಪಾಟು ನಡೆದುಬಂದಿದೆ. ಅಲ್ಲಿ ಸೀಮೆಸೀಮೆಗೂ ನಿಯಮಿತರಾದ ವಿದ್ವಾಂಸರು, ಸಾಮಾನ್ಯ ಜನರು ತಂದ ವಸ್ತುಗಳನ್ನು ನೋಡಿ, ಹೆಸರು ಹೇಳಿ, ಸಿಕ್ಕಿದ ಸ್ಥಳವನ್ನು ಬರೆದುಕೊಂಡು, ನಿಧಿಯ ಕಾನೂನಿಗೆ ಒಳಪಡದುದನ್ನು ತಂದವರಿಗೇ ಹಿಂದಿರುಗಿಸುತ್ತಾರೆ. ಲಾಳಕ್ಕೂ ಕಡಾಣಿಗೂ ಡೆಪ್ಯುಟಿ ಕಮಿಷನರವರ ಕಚೇರಿಯ ಮೆಟ್ಟಿಲನ್ನು ಹತ್ತುವ ರೈತನಿಲ್ಲ. ಆದರೆ ತಾಲ್ಲೂಕಿಗೊಬ್ಬ ಬಲ್ಲವನು ಸಂತೆಯ ದಿನ ಬಂದು ಕುಳಿತರೆ, ಮಡಿಲಲ್ಲಿ ಕಟ್ಟಿಕೊಂಡು ಬಂದು ತೋರಿಸುವವರು ನೂರಾರು ಮಂದಿ. ಇಂತಹ ಏರ್ಪಾಟು ನಮ್ಮಲ್ಲಿಯೂ ಆಗಬೇಕೆಂದು ನಾವು ಆಶಿಸುತ್ತೇವೆ.

ಕೊಕ್ಕರೆ ಬೆಳ್ಳೂರಿಗೆ ಮರಳೋಣ. ಅಲ್ಲಿಯ ಜನರು ತಮ್ಮ ಹುಣಸೆಯ ಮರದ ಹಣ್ಣಿನ ಲಾಭವನ್ನು ಬಿಟ್ಟುಕೊಟ್ಟು ಹಕ್ಕಿಗಳಿಗೆ ನೆಲೆ ಕೊಟ್ಟಿದ್ದಾರೆ. ಬಂದುವು ಮಂಗಳಕರವೆಂದು ನಂಬಿ, ಓಡಿಸದೆ, ಹೊಡೆಯದೆ, ಇದ್ದಲ್ಲಿಯೇ ಇರಗೊಟ್ಟುದರಿಂದ ಇಂದು ನಾವು ಗೂಡಿನಲ್ಲಿ ಕುಳಿತ ಹಕ್ಕಿಯನ್ನು ಮರಿಯೊಡನೆ ಕಾಣುತ್ತೇವೆ. ಹೊಡೆದು ಹುಲ್ಲು ತುಂಬಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಕೊಕ್ಕಿನ ಉದ್ದವನ್ನಷ್ಟೇ ಅರಿಯುತ್ತಿದ್ದೆವು. ಪ್ಲೇಗಿನ ವರ್ಷದಲ್ಲಿ ಹಳೆಯ ಊರನ್ನು ಬಿಟ್ಟು ಬಂದವರ ಹೆಸರನ್ನು ಯಾವ ಶಿಲಾಶಾಸನವೂ ಹೇಳದು. ಅವರು ಎತ್ತಿಗೆ ಕಟ್ಟಿಸಿದ ಲಾಳ, ಮುರಿದ ಅಡಕೊತ್ತು, ಯಾವುದೋ ಹೆಣ್ಣುಮಗಳ ಕಾಲಿನಿಂದ ಜಾರಿದ ಉಂಗುರ, ಇಂತಹವೇ ಅವರ ಚರಿತ್ರೆ. ಶಿಂಷೆಯ ದಡದ ಆ ಹೊಲಗಳಲ್ಲಿ ಎಂದಾದರೂ ಗುಳದ ಮೊನೆಗೆ ಏನಾದರೂ ತಾಕಿ ಸದ್ದಾದರೆ, ಆರು ಹೂಡಿದವನು ಒಂದು ಗಳಿಗೆ ಎತ್ತುಗಳನ್ನು ನಿಲ್ಲಿಸಿ, ವಸ್ತುವನ್ನು ಎತ್ತುವ ಮೊದಲು ಅದು ಮಲಗಿದ್ದ ಮಣ್ಣನ್ನು ನೋಡಲಿ ಎಂಬುದಿಷ್ಟೇ ನಮ್ಮ ಪ್ರಾರ್ಥನೆ.